ವೇಗಕ್ಕೂ ಒಂದು ಜಾಗ ಬೇಕು, ಮೈಸೂರಿನಲ್ಲೇ

ಭಾನುವಾರ ಬೆಳಿಗ್ಗೆ ಏಳರ ಹೊತ್ತಿಗೆ, ಬೆಂಗಳೂರು ಕಡೆಯ ಹೆದ್ದಾರಿ ಬಂದು ಮೈಸೂರಿನ ರಿಂಗ್ ರೋಡಿಗೆ ಸೇರುವಲ್ಲಿ ನಿಂತರೆ ನೆಲಕ್ಕೆ ಮೈ ತಾಗುವಷ್ಟು ತಗ್ಗಿನ ಕಾರುಗಳು ಒಂದರ ಹಿಂದೊಂದು ಬರುವುದು ಕಾಣುತ್ತದೆ. ಪೋರ್ಶ, ಲ್ಯಾಂಬೋರ್ಗಿನಿ, ಎಂದಾದರೊಮ್ಮೆ ಫೆರಾರಿ. ನಜರ್‌ಬಾದಿನಲ್ಲಿ ಮೈಲಾರಿ ದೋಸೆ ತಿಂದು, ಬಿಡುವಿದ್ದರೆ ಚಾಮುಂಡಿ ಬೆಟ್ಟ ಹತ್ತಿ ಇಳಿದು, ಬಿಸಿಲೇರುವ ಮುಂಚೆ ವಾಪಸು ಹೊರಡುವವರು ಇವರು. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಸ್ಕೂಟರಿನ ಹುಡುಗ ಕಿಟಕಿಯ ಕಡೆ ಬಗ್ಗಿ ಕೇಳುವುದು ಒಂದೇ ಮಾತು: "ಅಣ್ಣಾ, ಎಷ್ಟು ಹೋಗುತ್ತೆ?"

ಲ್ಯಾಂಬೋರ್ಗಿನಿ ಹುರಾಕಾನ್ ಆಗಿದ್ದರೆ ಗಂಟೆಗೆ 325 ಕಿಲೋಮೀಟರ್ ಹೋಗುತ್ತದೆ. ಅವನು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆಯಿದೆ: ಅಷ್ಟು ಹೋಗುವುದಕ್ಕೆ ಜಾಗ ಎಲ್ಲಿದೆ?

ಅವರು ಬಂದ ದಾರಿ ಅಂಥ ಜಾಗವಲ್ಲ. ಬೆಂಗಳೂರು–ಮೈಸೂರು ನಡುವಿನ ಸುಮಾರು 118 ಕಿ.ಮೀ. ಉದ್ದದ ರಾಷ್ಟ್ರೀಯ ಹೆದ್ದಾರಿ 275 ಅನ್ನು ಪ್ರಧಾನಿ ನರೇಂದ್ರ ಮೋದಿ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಲೋಕಾರ್ಪಣೆ ಮಾಡಿದರು. ಆ ಒಂದೇ ವರ್ಷದಲ್ಲಿ ಅದರ ಮೇಲೆ ನೂರಕ್ಕೂ ಹೆಚ್ಚು ಜನ ಸತ್ತರು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಸರ್ವೀಸ್ ರಸ್ತೆಗೆ ಇಳಿಸಲಾಯಿತು. ಕಾರಿಗೆ ನೂರರ ಮಿತಿ ಹಾಕಿ, ಕ್ಯಾಮೆರಾ ಕೂರಿಸಿ, ಪೊಲೀಸರು ವೇಗ ಅಳೆಯುವ ಗನ್ ಹಿಡಿದು ನಿಂತರು. 2024ರ ಆಗಸ್ಟ್‌ನಿಂದ ರಾಜ್ಯದ ಯಾವ ರಸ್ತೆಯಲ್ಲೇ ಆಗಲಿ 130 ದಾಟಿದರೆ ಬರೀ ದಂಡವಲ್ಲ, ಎಫ್‌ಐಆರ್. ಸಾವುಗಳು ಇಳಿದವು. ಇಂಥ ಕಾರು ಇಟ್ಟುಕೊಂಡವರು ಈ 130ರ ನಿಯಮಕ್ಕೆ ಬೇಸರಪಡುವುದುಂಟು. ಬೇಸರಪಡಬೇಕಾದ ನಿಯಮ ಇದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣ ಲೆಕ್ಕದಲ್ಲಿದೆ.

ಒಣ ಡಾಂಬರು, ಒಳ್ಳೆಯ ಟೈರು, ಒಳ್ಳೆಯ ಬ್ರೇಕು ಎಂದೇ ಇಟ್ಟುಕೊಳ್ಳೋಣ. ನೂರರಲ್ಲಿ ಹೋಗುವ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಮುಂದೆ ಏನೋ ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಮನಸ್ಸಿಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವ ಹೊತ್ತಿಗೆ ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲೇ 42 ಮೀಟರ್ ಕಳೆದಿರುತ್ತದೆ. ಆಮೇಲೆ ನಿಲ್ಲುವುದಕ್ಕೆ ಇನ್ನೊಂದು 56 ಮೀಟರ್. ಒಟ್ಟು ನೂರು ಮೀಟರಿನೊಳಗೆ ಕಾರು ನಿಂತಿತು. ಈಗ ಅದೇ ಕಾರನ್ನು ಅದೇ ರಸ್ತೆಯಲ್ಲಿ 140ರಲ್ಲಿ ಓಡಿಸಿ ನೋಡಿ. ಮೊದಲಿನ ಕಾರು ಪೂರ್ತಿ ನಿಂತ ಜಾಗ ತಲುಪಿದಾಗ ಇದರ ವೇಗ ಇನ್ನೂ 110ಕ್ಕಿಂತ ಮೇಲೇ ಇರುತ್ತದೆ. ಮುಳ್ಳು ಹೆಚ್ಚು ತೋರಿಸಿದ್ದು ನಲವತ್ತು ಮಾತ್ರ. ಆದರೆ ಒಂದು ಕಾರು ನಿಂತ ಕಡೆ ಇನ್ನೊಂದು ಕಾರು ಮನುಷ್ಯನನ್ನು ಕೊಲ್ಲುವ ವೇಗದಲ್ಲಿ ಬಂದು ಬಡಿಯುತ್ತದೆ. ಕಾರಿಗೆ ಕೋಟಿ ಕೊಟ್ಟಿದ್ದರೆ ಬ್ರೇಕು ಇನ್ನಷ್ಟು ಚುರುಕಾಗಿರುತ್ತದೆ, ನಿಜ. ಆ ಒಂದೂವರೆ ಸೆಕೆಂಡು ಮಾತ್ರ ಎಲ್ಲರಿಗೂ ಒಂದೇ. ಅದು ಕಾರಿನದಲ್ಲ, ಮನುಷ್ಯನ ನರಮಂಡಲದ್ದು.

ಮಂಡ್ಯದ ಸೀಮೆಯಲ್ಲಿ ಅಡ್ಡ ಬರುವುದಕ್ಕೆ ಏನೂ ಕೊರತೆಯಿಲ್ಲ. ನಿಷೇಧವಿದ್ದರೂ ಮುಖ್ಯ ರಸ್ತೆಗೆ ಹತ್ತಿಬಿಡುವ ಕಬ್ಬು ತುಂಬಿದ ಟ್ರ್ಯಾಕ್ಟರು, ಬೇಲಿ ಸಂದಿಯಿಂದ ನುಗ್ಗುವ ನಾಯಿ, ಆಚೆ ಕಡೆ ಹೊಲವಿದ್ದು ಈಚೆ ಕಡೆ ಮನೆಯಿರುವ ರೈತ. ರಸ್ತೆ ಬರುವ ಮೊದಲಿನಿಂದ ಅಲ್ಲಿದ್ದವನು ಅವನು.

ಇಂಥ ಕಾರನ್ನು ರಸ್ತೆಯ ಮೇಲೆ ಓಡಿಸುವವರಿಗೆ ಅದರಿಂದ ನಿಜಕ್ಕೂ ಏನು ಸಿಗುತ್ತದೆ ಎಂದೂ ಕೇಳಬೇಕು. ಹುರಾಕಾನ್ ನಿಂತಲ್ಲಿಂದ ನೂರು ಮುಟ್ಟುವುದಕ್ಕೆ ಮೂರು ಸೆಕೆಂಡಿಗಿಂತ ತುಸು ಹೆಚ್ಚು ಸಾಕು, ಐವತ್ತು ಮೀಟರಿನಷ್ಟು ಜಾಗ ಸಾಕು. ಎರಡನೇ ಗೇರಿನಲ್ಲೇ ಕಾನೂನು ಕೊಟ್ಟ ವೇಗವೆಲ್ಲ ಮುಗಿಯುತ್ತದೆ. ಮೇಲಿನ ಗೇರುಗಳೂ, ಹಿಂದಿನ ರೆಕ್ಕೆಯೂ, ಗಾಳಿಯನ್ನು ಬಳಸಿ ಕಾರನ್ನು ನೆಲಕ್ಕೆ ಒತ್ತುವ ಆ ಮೈಮಾಟವೂ ರಸ್ತೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಾರ್ಬನ್ ಸೆರಾಮಿಕ್ ಬ್ರೇಕು, ಮೆತ್ತನೆಯ ರಬ್ಬರಿನ ಟೈರು ಇವೆಲ್ಲ ಕಾದ ಮೇಲೆ ತಮ್ಮ ಪೂರ್ತಿ ಗುಣ ತೋರಿಸುವಂಥವು. ನಗರದ ರಸ್ತೆಯಲ್ಲಿ ಅವು ಆ ಶಾಖಕ್ಕೆ ಏರುವುದೇ ಇಲ್ಲ. ಅಂದರೆ ಇಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಕಟ್ಟಿದ ಯಂತ್ರದಲ್ಲಿ ರಸ್ತೆಗೆ ಉಳಿಯುವುದು ಸೈಲೆನ್ಸರಿನ ಸದ್ದು ಮತ್ತು ನೋಡುವವರ ಕಣ್ಣು. ಕಾರನ್ನು ಪ್ರೀತಿಸುವವರಿಗೆ ಅಷ್ಟೇ ಸಾಕಾಗಬಾರದು. ಸರಸ್ವತಿ ವೀಣೆಯನ್ನು ಮನೆಗೆ ತಂದು ಒಂದೇ ತಂತಿ ಮೀಟುತ್ತಾ ಕೂತ ಹಾಗೆ ಅದು.

ಹಾಗೆಂದು ರಸ್ತೆಗೆ ತರಲೇಬಾರದು ಅನ್ನುವವನಲ್ಲ ನಾನು. ಚಂದದ ಕಾರನ್ನು ಬೆಳಗಿನ ಹೊತ್ತು ಲಲಿತ ಮಹಲ್ ರಸ್ತೆಯ ಮರಗಳ ಕೆಳಗೆ ನಲವತ್ತರಲ್ಲಿ ಓಡಿಸುವುದು ಸುಖ. ಮಕ್ಕಳು ಕೈ ಬೀಸುತ್ತಾರೆ, ನಿಲ್ಲಿಸಿ ಮಾತಾಡಿಸಬಹುದು. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಸ್ಟಿಯರಿಂಗಿನ ಹದ ತಿಳಿಯುವುದಕ್ಕೆ ವೇಗವೇ ಬೇಕಿಲ್ಲ. ಅದೂ ಅಲ್ಲದೆ ಆ ರಸ್ತೆಯಲ್ಲಿ ಮುಂಜಾನೆ ಸೈಕಲ್ಲಿನವರು, ನಡೆಯುವವರು, ದೇವರ ದರ್ಶನಕ್ಕೆ ಹೊರಟ ಮುದುಕರು ಇರುತ್ತಾರೆ. ಕಾರಿನ ಮಿತಿ ಎಲ್ಲಿದೆ ಎಂದು ಹುಡುಕಲು ಹೊರಟಾಗ ಮಾತ್ರ ಜಾಗ ಬದಲಾಗಲೇಬೇಕು. ಮಿತಿ ತಿಳಿಯುವುದು ಅದನ್ನು ದಾಟಿದಾಗಲೇ. ದಾಟಿದಾಗ ಕಾರು ತಿರುಗುತ್ತದೆ, ಜಾರುತ್ತದೆ. ಟ್ರ್ಯಾಕಿನಲ್ಲಿ ಅದಕ್ಕೆಂದೇ ಹೊರಗೆ ಬಯಲು, ಜಲ್ಲಿಯ ಹಾಸು, ಟೈರಿನ ಗೋಡೆ ಇಟ್ಟಿರುತ್ತಾರೆ. ರಸ್ತೆಯಲ್ಲಿ ಆ ಜಾಗದಲ್ಲಿ ಬಸ್‌ಸ್ಟಾಪ್ ಇರುತ್ತದೆ.

ಈ ಪಾಠವನ್ನು ಇಡೀ ದೇಶವೊಂದು ಕಲಿತ ಕತೆ ಇಟಲಿಯದು. ಊರುಗಳ ನಡುವಿನ ಮಾಮೂಲಿ ರಸ್ತೆಗಳಲ್ಲೇ ಸಾವಿರ ಮೈಲಿ ಓಡುವ ಮಿಲ್ಲೆ ಮಿಲ್ಯಾ ಎಂಬ ರೇಸು ಅಲ್ಲಿ 1927ರಿಂದ ನಡೆಯುತ್ತಿತ್ತು. ಜನ ರಸ್ತೆಯಂಚಿಗೆ ಬಂದು ಕೈಗೆ ಎಟಕುವಷ್ಟು ಹತ್ತಿರ ನಿಂತು ನೋಡುತ್ತಿದ್ದರು. 1957ರ ಮೇ 12ರಂದು ಗುಯಿದಿಝೊಲೊ ಎಂಬ ಹಳ್ಳಿಯ ಹತ್ತಿರ ಒಂದು ಫೆರಾರಿಯ ಟೈರು ಸಿಡಿಯಿತು. ಚಾಲಕ ಅಲ್ಫೊನ್ಸೊ ದೆ ಪೋರ್ತಾಗೊ, ಜೊತೆಗಿದ್ದ ಎಡ್ಮಂಡ್ ನೆಲ್ಸನ್ ಸತ್ತರು. ಅವರೊಂದಿಗೆ ನೋಡಲು ಬಂದಿದ್ದ ಒಂಬತ್ತು ಜನ ಸತ್ತರು, ಅವರಲ್ಲಿ ಐವರು ಮಕ್ಕಳು. ಸಾವಿರ ಮೈಲಿಯ ಆ ವೇಗದ ರೇಸು ಅಲ್ಲಿಗೆ ನಿಂತಿತು. ಫೆರಾರಿಯ ಹೆಸರಿಗಾಗಿ ಪ್ರಾಣ ಬಿಡುವ ದೇಶವೇ ಅಷ್ಟು ಹೇಳಿದ ಮೇಲೆ ನಮ್ಮ ರಿಂಗ್ ರೋಡಿನಲ್ಲಿ ವಾದಕ್ಕೆ ಏನು ಉಳಿಯುತ್ತದೆ?

ಟ್ರ್ಯಾಕ್ ಎಂದರೆ ಅಪಾಯವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2023ರ ಜನವರಿಯಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ 59 ವರ್ಷದ ಅನುಭವಿ ಕೆ.ಇ. ಕುಮಾರ್ ಕಾರು ಮಗುಚಿ ತೀರಿಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ ಅದೇ ಟ್ರ್ಯಾಕಿನಲ್ಲಿ ನಮ್ಮ ಬೆಂಗಳೂರಿನ ಹುಡುಗ, ಬೈಕು ರೇಸಿನಲ್ಲಿ ಭರವಸೆ ಹುಟ್ಟಿಸಿದ್ದ ಶ್ರೇಯಸ್ ಹರೀಶ್ ಬಿದ್ದು ಪ್ರಾಣ ಬಿಟ್ಟ. ಅವನಿಗೆ ಹದಿಮೂರು ವರ್ಷ. ಆ ಸಾವು ನನ್ನನ್ನು ಇಂದಿಗೂ ಕಲಕುತ್ತದೆ; ಮಕ್ಕಳನ್ನು ಯಾವ ವಯಸ್ಸಿಗೆ, ಎಷ್ಟು ಸಿಸಿಯ ಬೈಕಿಗೆ ಹತ್ತಿಸಬೇಕು ಎಂಬ ಪ್ರಶ್ನೆಗೆ ನಮ್ಮ ರೇಸ್ ಜಗತ್ತು ಇನ್ನೂ ಗಟ್ಟಿಯಾಗಿ ಉತ್ತರಿಸಬೇಕು. ಆದರೂ ಒಂದು ವ್ಯತ್ಯಾಸವಿದೆ. ಟ್ರ್ಯಾಕಿಗೆ ಇಳಿದ ವಯಸ್ಕ ತನ್ನ ಅಪಾಯ ತಿಳಿದು ಸಹಿ ಹಾಕಿರುತ್ತಾನೆ. ಎದುರಿಗಿರುವವನೂ ಸಹಿ ಹಾಕಿರುತ್ತಾನೆ. ತಿರುವು ತಿರುವಿಗೂ ಬಾವುಟ ಹಿಡಿದ ಮಾರ್ಷಲ್, ಇಂಜಿನ್ ಚಾಲೂ ಇಟ್ಟು ಕಾಯುವ ಆಂಬುಲೆನ್ಸ್, ಹೆಲ್ಮೆಟ್ಟಿನಿಂದ ಬೆಲ್ಟಿನವರೆಗೆ ಮೊದಲೇ ಪರೀಕ್ಷೆ. ಹೆದ್ದಾರಿಯಲ್ಲಿ ಮಗಳನ್ನು ಕಾಲೇಜಿಗೆ ಬಿಡಲು ಹೊರಟ ಅಪ್ಪ ಯಾವುದಕ್ಕೂ ಸಹಿ ಹಾಕಿಲ್ಲ. ಅವನ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ರಸ್ತೆಯೋ ಟ್ರ್ಯಾಕೋ ಎಂಬ ಚರ್ಚೆ ನನ್ನ ಮಟ್ಟಿಗೆ ಇಲ್ಲಿಗೆ ತೀರ್ಮಾನವಾಗುತ್ತದೆ.

ಮುಚ್ಚಿದ ರಸ್ತೆಯನ್ನು ನಿಜವಾಗಿ ಮುಚ್ಚದೆ ಹೋದರೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತು. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿಯೊಂದು ನಡೆಯುತ್ತಿತ್ತು. ಗೌರವ್ ಗಿಲ್ ಓಡಿಸುತ್ತಿದ್ದ ಕಾರು. ಪಕ್ಕದಲ್ಲಿ ತಿರುವುಗಳ ಟಿಪ್ಪಣಿ ಓದುತ್ತಿದ್ದವರು ಕಾಸರಗೋಡಿನ ಮೊಗ್ರಾಲಿನ ಮೂಸಾ ಶರೀಫ್. ಸ್ಪರ್ಧೆಗೆಂದು ಮೀಸಲಿಟ್ಟ ದಾರಿಯೊಳಕ್ಕೆ ಒಂದು ಬೈಕು ಬಂದುಬಿಟ್ಟಿತು. ಗಂಡ, ಹೆಂಡತಿ, ಮಗ ಮೂವರೂ ಉಳಿಯಲಿಲ್ಲ. ನುರಿತ ಕೈ, ಸಿದ್ಧವಾದ ಕಾರು, ಅನುಮತಿ ಪಡೆದ ಸ್ಪರ್ಧೆ ಎಲ್ಲ ಇದ್ದೂ ಒಂದು ಕಾಲುದಾರಿ ತೆರೆದಿದ್ದರೆ ಹೀಗಾಗುತ್ತದೆ. ರಾತ್ರಿ ಹನ್ನೊಂದರ ಮೇಲೆ ರಿಂಗ್ ರೋಡು ಖಾಲಿ ಇರುತ್ತದಲ್ಲ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕಾರು ಇಟ್ಟವರದ್ದೂ ಒಂದು ಅಹವಾಲಿದೆ, ಅದನ್ನು ಕೇಳಬೇಕಾದ್ದು ನ್ಯಾಯ. ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ನೂರಕ್ಕೆ 18, ಅದರ ಮೇಲೆ ಸೆಸ್. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ ಸಾರಿಗೆ ಇಲಾಖೆ ವಸೂಲು ಮಾಡಿದ್ದು ಸುಮಾರು 1.4 ಕೋಟಿ ರೂಪಾಯಿ. ಇಷ್ಟು ಕಟ್ಟಿದ ಮೇಲೂ ಕಾರನ್ನು ಮನಸಾರೆ ಓಡಿಸುವುದಕ್ಕೆ ರಾಜ್ಯದಲ್ಲಿ ಒಂದು ಪೂರ್ಣ ಪ್ರಮಾಣದ ರೇಸ್ ಟ್ರ್ಯಾಕ್ ಇಲ್ಲ. ಮೈಸೂರಿನವರಿಗೆ ಹತ್ತಿರ ಎಂದರೆ ಕೊಯಮತ್ತೂರಿನ ಚೆಟ್ಟಿಪಾಳ್ಯದ ಕರಿ ಮೋಟರ್ ಸ್ಪೀಡ್‌ವೇ, 2.1 ಕಿ.ಮೀ. ಉದ್ದದ್ದು. ಅದಕ್ಕೆ ಇಟ್ಟ ಹೆಸರು ಎಸ್. ಕರಿವರ್ಧನ್ ಅವರದ್ದು, ನಮ್ಮ ದೇಶದಲ್ಲೇ ಕಡಿಮೆ ಖರ್ಚಿನ ರೇಸ್ ಕಾರುಗಳನ್ನು ಕಟ್ಟಿ ಹೊಸಬರಿಗೆ ದಾರಿ ಮಾಡಿಕೊಟ್ಟವರು ಅವರು. ಇರುಂಗಾಟ್ಟುಕೋಟ್ಟೈ ಇನ್ನೂ ದೂರ. ಫಾರ್ಮುಲಾ ಒನ್ 2011ರಿಂದ ಮೂರು ವರ್ಷ ನಡೆದ ಬುದ್ಧ ಸರ್ಕ್ಯೂಟ್ ಇರುವುದು ಗ್ರೇಟರ್ ನೋಯ್ಡಾದಲ್ಲಿ.

ಕೊಯಮತ್ತೂರಿಗೆ ಹೋಗುವವರು ಇನ್ನೊಂದು ವಿಷಯ ತಿಳಿದಿರಬೇಕು. ಮಾಮೂಲಿ ಮೋಟಾರು ವಿಮೆಯ ಷರತ್ತುಗಳಲ್ಲಿ ಸಂಘಟಿತ ರೇಸು, ವೇಗ ಪರೀಕ್ಷೆ ಇವನ್ನು ಹೊರಗಿಟ್ಟಿರುತ್ತಾರೆ. ಟ್ರ್ಯಾಕಿನಲ್ಲಿ ಕಾರು ಜಜ್ಜಿದರೆ ಆ ನಷ್ಟ ನಿಮ್ಮದೇ. ಒಂದೆರಡು ಸುತ್ತಿನಲ್ಲೇ ಬ್ರೇಕ್ ಆಯಿಲ್ ಕುದಿಯುವಷ್ಟು ಬಿಸಿಯಾಗುತ್ತದೆ, ಪೆಡಲ್ ಮೆತ್ತಗಾಗುತ್ತದೆ, ಹಳೆಯ ಟೈರಿನ ಅಂಚು ಕಿತ್ತು ಬರುತ್ತದೆ. ಹೊಸ ಬ್ರೇಕ್ ಆಯಿಲ್, ಹೊಸ ಪ್ಯಾಡು, ಹೇಳಿಕೊಡುವವರೊಬ್ಬರು ಪಕ್ಕದ ಸೀಟಿನಲ್ಲಿ: ಇಷ್ಟಿಲ್ಲದೆ ಇಳಿಯಬಾರದು. ಹೆದ್ದಾರಿಯಲ್ಲಿ ತಾನು ದೊಡ್ಡ ಚಾಲಕ ಎಂದುಕೊಂಡವರನ್ನು ಹಳೆಯ ಮಾರುತಿಯಲ್ಲಿ ಬಂದ ಹುಡುಗ ತಿರುವಿನಲ್ಲಿ ಹಿಂದೆ ಹಾಕಿ ಹೋಗುವುದು ಟ್ರ್ಯಾಕಿನಲ್ಲಿ ಮಾಮೂಲು. ನೇರ ದಾರಿಯಲ್ಲಿ ಕಾಲು ಒತ್ತುವುದು ಯಾರಿಗೂ ಬರುತ್ತದೆ. ಚಾಲನೆ ಎಂಬ ವಿದ್ಯೆ ಇರುವುದು ತಿರುವಿಗೆ ಎಷ್ಟು ಮೊದಲು ಬ್ರೇಕ್ ಬಿಡಬೇಕು, ಎಲ್ಲಿ ಮತ್ತೆ ಆಕ್ಸಿಲರೇಟರ್ ಕೊಡಬೇಕು ಎಂಬುದರಲ್ಲಿ. ಅದನ್ನು ಒಂದೇ ತಿರುವಿನಲ್ಲಿ ಮತ್ತೆ ಮತ್ತೆ ಮಾಡಿಯೇ ಕಲಿಯಬೇಕು. ಅದಕ್ಕೆ ಅವಕಾಶ ಇರುವುದು ಟ್ರ್ಯಾಕಿನಲ್ಲಿ ಮಾತ್ರ.

ನನ್ನ ಕಾಳಜಿ ಹೆಚ್ಚಾಗಿ ಈ ಕೋಟಿಯ ಕಾರಿನವರ ಬಗ್ಗೆ ಅಲ್ಲ. ಅವರಿಗೆ ಆಯ್ಕೆ ಇದೆ. ಟ್ರಕ್ಕಿನ ಮೇಲೆ ಕಾರು ಏರಿಸಿ ಕೊಯಮತ್ತೂರಿಗೆ ಕಳಿಸಿ, ತಾವು ಬಂಡೀಪುರದ ಗೇಟು ಬೆಳಿಗ್ಗೆ ಆರಕ್ಕೆ ತೆಗೆಯುತ್ತಲೇ ಬೇರೆ ಕಾರಿನಲ್ಲಿ ಹೊರಡಬಹುದು. ಸಿಗ್ನಲ್ಲಿನಲ್ಲಿ "ಎಷ್ಟು ಹೋಗುತ್ತೆ" ಎಂದು ಕೇಳಿದ ಹುಡುಗನಿಗೆ ಯಾವ ಆಯ್ಕೆಯಿದೆ? ಅವನ ಹತ್ತಿರ ಇರುವುದು ಕಂತಿನಲ್ಲಿ ಕೊಂಡ ಬೈಕು. ಅವನಿಗೂ ವೇಗದ ಹಸಿವಿದೆ. ಅವನು ಹೋಗುವುದು ರಿಂಗ್ ರೋಡಿಗೆ, ನಂಜನಗೂಡು ರಸ್ತೆಗೆ. ಅಲ್ಲಿ ವ್ಹೀಲಿಂಗ್ ಮಾಡಿ ವಿಡಿಯೊ ಹಾಕುತ್ತಾನೆ. ಪೊಲೀಸರು ಹಿಡಿದು ಬೈಕು ಜಪ್ತಿ ಮಾಡುತ್ತಾರೆ. ಹದಿನೆಂಟು ತುಂಬದವನಾಗಿದ್ದರೆ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲಾಗುವ ಕಲಂ. ಇದೆಲ್ಲ ಆಗಬೇಕಾದ್ದೇ, ಬಿಡಬಾರದು. ಅದರ ಜೊತೆಗೆ ಅವನಿಗೆ "ಇಲ್ಲಿ ಬೇಡ, ಅಲ್ಲಿ ಹೋಗು" ಎಂದು ತೋರಿಸುವುದಕ್ಕೂ ಒಂದು ಜಾಗ ಇರಬೇಕು. ನಮ್ಮ ಹತ್ತಿರ ಬರೀ "ಇಲ್ಲಿ ಬೇಡ" ಮಾತ್ರ ಇದೆ.

ಈ ಕೊರತೆ ಬೇರೆ ಊರಿನಲ್ಲಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ. ಮೈಸೂರು ಚಕ್ರದ ಊರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬಂದ ಬೈಕುಗಳು, ಆಮೇಲಿನ ಯೆಜ್ಡಿಗಳು ದೇಶದ ಮೂಲೆಮೂಲೆ ತಲುಪಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಆದರೆ ಆ ಬೈಕುಗಳ ಇಂಜಿನ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್‌ಗಳು ಈಗಲೂ ಊರಲ್ಲಿದ್ದಾರೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನಕ್ಕೆ ಹಳೆಯ ಗಾಡಿಗಳನ್ನು ತೊಳೆದು ಹೊರತೆಗೆಯುವವರು ಈಗಲೂ ಇದ್ದಾರೆ. ಆ ಗಾಡಿಗಳ ಗರಿಷ್ಠ ವೇಗ ನೂರರ ಆಸುಪಾಸು. ಹುಚ್ಚು ಹಿಡಿದು ಥ್ರಾಟಲ್ ತಿರುಗಿಸಿದರೂ ಯಂತ್ರವೇ ಒಂದು ಮಿತಿ ಹಾಕುತ್ತಿತ್ತು. ಈಗಿನ ಬೈಕಿಗೆ ಅಂಥ ಮಿತಿ ಇಲ್ಲ; ಮಿತಿ ಸವಾರನ ತಲೆಯೊಳಗೇ ಇರಬೇಕು.

ಕೆ.ಆರ್.ಎಸ್. ರಸ್ತೆಯಲ್ಲಿ ವಿಕ್ರಾಂತ್ ಟೈರ್ಸ್ ಕಾರ್ಖಾನೆ. ಅದು ಈಗ ಜೆಕೆ ಟೈರ್‌ನದು. ಆ ಕಂಪನಿಯ ಟೈರು ಸಂಶೋಧನಾ ಕೇಂದ್ರವೂ ಮೈಸೂರಿನಲ್ಲೇ ಇದೆ. ದೇಶದ ರೇಸುಗಳಿಗೆ ದಶಕಗಳಿಂದ ಹಣ ಹಾಕುತ್ತಾ ಬಂದದ್ದು ಅದೇ ಕಂಪನಿ. ನಂಜನಗೂಡು ದಾರಿಯಲ್ಲಿ ಟಿವಿಎಸ್ ಬೈಕು ಕಾರ್ಖಾನೆ. 1982ರಿಂದ ರೇಸಿಗೆಂದೇ ತಂಡ ಕಟ್ಟಿದ ಕಂಪನಿ ಅದು. ಉಡುಪಿಯ ಕೆ.ಪಿ. ಅರವಿಂದ್ ಡಾಕಾರ್ ರ‍್ಯಾಲಿಗೆ ಹೋದದ್ದು ಆ ಬಳಗದಿಂದ. ಮೈಸೂರಿನ ಲೋಹಿತ್ ಅರಸ್ ರಾಷ್ಟ್ರೀಯ ರ‍್ಯಾಲಿಗಳಲ್ಲಿ ಊರಿನ ಹೆಸರು ಹೇಳಿಸಿದವರು. ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದಲ್ಲೇ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಹಳೆಯ ಕಾರುಗಳ 'ಪಯಣ' ಸಂಗ್ರಹಾಲಯ ಕಟ್ಟಿದ್ದಾರೆ. ಟೈರು ಇಲ್ಲಿದೆ, ಬೈಕು ಇಲ್ಲಿದೆ, ಕೈ ಇಲ್ಲಿದೆ. ಓಡುವ ನೆಲ ಮಾತ್ರ ಇಲ್ಲ.

ಅಥವಾ ಇದೆ, ವರ್ಷಕ್ಕೊಮ್ಮೆ. ದಸರಾ ಹೊತ್ತಿಗೆ ಲಲಿತ ಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ ಮಣ್ಣಿನ ಟ್ರ್ಯಾಕ್ ಹಾಕಿ ಗ್ರಾವೆಲ್ ಫೆಸ್ಟ್ ನಡೆಸುತ್ತಾರೆ. ನೋಡದವರು ಒಮ್ಮೆ ಹೋಗಿ ನೋಡಬೇಕು. ಕಾರು ತಿರುವಿನಲ್ಲಿ ಬೆನ್ನು ತಿರುಗಿಸಿ ಕೆಮ್ಮಣ್ಣಿನ ಮೋಡ ಎಬ್ಬಿಸುತ್ತದೆ, ಕಟ್ಟಿದ ಹಗ್ಗದಾಚೆ ಸಾವಿರಾರು ಜನ ಕೂಗುತ್ತಾರೆ, ಮಹಿಳೆಯರ ವಿಭಾಗಕ್ಕೆ ಇನ್ನೂ ಜೋರಾಗಿ ಕೂಗುತ್ತಾರೆ. ಮಣ್ಣಿನಲ್ಲಿ ಹಿಡಿತ ಕಡಿಮೆ, ಆದ್ದರಿಂದ ಐವತ್ತು ಅರವತ್ತರ ವೇಗದಲ್ಲೇ ಕಾರು ಜಾರುತ್ತದೆ. ಡಾಂಬರಿನ ಮೇಲೆ ನೂರೈವತ್ತರಲ್ಲಿ ಸಿಗುವ ಪಾಠ ಇಲ್ಲಿ ಕಡಿಮೆ ವೇಗದಲ್ಲಿ, ಕಡಿಮೆ ಅಪಾಯದಲ್ಲಿ ಸಿಗುತ್ತದೆ. ಕೋಟಿ ಸುರಿದು ಡಾಂಬರು ಹಾಕುವುದೂ ಬೇಕಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ರ‍್ಯಾಲಿ ಬೆಳೆದದ್ದು ಇದೇ ಮಣ್ಣಿನ ಬಲದಿಂದ.

ದೊಡ್ಡ ಟ್ರ್ಯಾಕುಗಳೂ ಹೀಗೇ ಸಣ್ಣದಾಗಿ ಹುಟ್ಟಿದವು. ಮದ್ರಾಸಿನವರು ಶೋಲಾವರಂನಲ್ಲಿ ಎರಡನೇ ಮಹಾಯುದ್ಧ ಕಾಲದ ವಿಮಾನದ ಪಟ್ಟಿಯ ಮೇಲೆ ರೇಸು ಶುರು ಮಾಡಿದರು. ದಶಕಗಟ್ಟಲೆ ಅಲ್ಲೇ ಓಡಿ, ಜನ ಕಲೆತು, ಕ್ಲಬ್ಬು ಗಟ್ಟಿಯಾಗಿ, 1990ರಲ್ಲಿ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಬಂತು. ಬೆಂಗಳೂರಿನ ರೇಸು ಹುಚ್ಚಿನವರೂ ಅಲ್ಲಿಗೇ ಹೋಗುತ್ತಿದ್ದರು.

ಕಾನೂನಿನಲ್ಲೂ ಬಾಗಿಲಿದೆ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ರೇಸು ಮಾಡಿದವರಿಗೆ ಮೊದಲ ಸಲ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಸಜೆ ಎನ್ನುತ್ತದೆ. ಅದೇ ಕಲಮಿನಲ್ಲಿ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಎಂಬ ಮಾತೂ ಇದೆ. ಒಪ್ಪಿಗೆ ಕೊಟ್ಟು, ರಸ್ತೆ ಮುಚ್ಚಿ, ಬೇಲಿ ಕಟ್ಟಿ ನಡೆಸಬಹುದು. 2024ರಲ್ಲಿ ಚೆನ್ನೈ ತನ್ನ ಐಲ್ಯಾಂಡ್ ಗ್ರೌಂಡ್ಸ್ ಸುತ್ತಲಿನ ರಸ್ತೆಗಳನ್ನೇ ಮುಚ್ಚಿ ರಾತ್ರಿ ಫಾರ್ಮುಲಾ ಫೋರ್ ಓಡಿಸಿತು. ಮೈಸೂರಿಗೆ ಅಷ್ಟು ದುಬಾರಿಯದ್ದು ಬೇಕಿಲ್ಲ.

ದಸರಾಕ್ಕೆ ಹಾಕುವ ಆ ಮಣ್ಣಿನ ಟ್ರ್ಯಾಕನ್ನು ಹಬ್ಬ ಮುಗಿದ ಮೇಲೆ ಕೆಡವದೆ, ಅಥವಾ ಊರಾಚೆ ಸರ್ಕಾರಿ ಜಮೀನಿನಲ್ಲಿ ಅಂಥದೇ ಒಂದನ್ನು ಕಾಯಂ ಮಾಡಿ, ತಿಂಗಳಿಗೆ ಒಂದು ಭಾನುವಾರ ತೆರೆದರೆ ಸಾಕು. ಮೋಟಾರು ಕ್ರೀಡಾ ಫೆಡರೇಷನ್ನಿನ ಪರವಾನಗಿ, ಮೋಟಾರು ಕ್ಲಬ್ಬಿನ ಮಾರ್ಷಲ್‌ಗಳು, ಒಂದು ಆಂಬುಲೆನ್ಸ್, ಒಂದು ಅಗ್ನಿಶಾಮಕ ಗಾಡಿ. ಬಾಡಿಗೆಗೆ ನಾಲ್ಕು ಹೆಲ್ಮೆಟ್ಟು, ರೋಲ್ ಕೇಜ್ ಹಾಕಿದ ಎರಡು ಹಳೆಯ ಕಾರು. ಪ್ರವೇಶಕ್ಕೆ ಚಾಲನಾ ಪರವಾನಗಿ ತೋರಿಸಬೇಕು, ಕುಡಿದಿಲ್ಲವೆಂದು ಊದಿ ತೋರಿಸಬೇಕು. ಪೋರ್ಶ ತಂದವರಿಂದ ದೊಡ್ಡ ಶುಲ್ಕ ತೆಗೆದುಕೊಳ್ಳಿ. ಆ ದುಡ್ಡಿನಲ್ಲಿ ಬೈಕಿನ ಹುಡುಗನಿಗೆ ಹೇಳಿಕೊಡುವವರನ್ನು ಇಡಿ. ವ್ಹೀಲಿಂಗಿಗೆ ಸಿಕ್ಕಿಬಿದ್ದವರನ್ನು ದಂಡ ಕಟ್ಟಿಸಿಕೊಂಡ ಮೇಲೆ ಪೊಲೀಸರೇ ಒಂದು ಭಾನುವಾರ ಇಲ್ಲಿಗೆ ಕರೆತಂದು, ಅರವತ್ತರಲ್ಲಿ ಬ್ರೇಕ್ ಹಾಕಿಸಿ, ಬೈಕು ಎಲ್ಲಿ ನಿಂತಿತು ಎಂದು ಸುಣ್ಣದಲ್ಲಿ ಗೆರೆ ಎಳೆದು ತೋರಿಸಲಿ. ಮುಂದಿನ ದಸರಾ ಕ್ರೀಡಾ ಉಪಸಮಿತಿ ಸಭೆಯ ಕಾರ್ಯಸೂಚಿಗೆ ಈ ವಿಷಯ ಸೇರಿಸಬಹುದು. ಜಿಲ್ಲಾಡಳಿತ, ನಗರ ಪೊಲೀಸ್, ಮೋಟಾರು ಕ್ಲಬ್ಬಿನವರು ಮೂವರೂ ಆ ಸಿದ್ಧತೆಯಲ್ಲಿ ಹೇಗೂ ಒಟ್ಟಿಗೆ ಕೆಲಸ ಮಾಡುತ್ತಾರೆ.